ಹಳೇ ತೋಟದ ಮನೆ ಮಹಡಿಗೆ ಬಾತ್‌ಟಬ್ ಕೂರಿಸಿದ್ದು

ಚಿಕ್ಕಮಗಳೂರು ಸುತ್ತ ಹೋಮ್‌ಸ್ಟೇ ಮಾಡುವವರು ಈಗ ಬಾತ್‌ಟಬ್ ಕೇಳುತ್ತಾರೆ. ಕಿಟಕಿ ಪಕ್ಕ ಟಬ್, ಹೊರಗೆ ಕಾಫಿ ತೋಟ. ಫೋಟೋ ಚೆನ್ನಾಗಿ ಬರುತ್ತೆ ಅಲ್ವಾ! ನಾನು ಇಲ್ಲಿ ಮನೆ ಕಟ್ಟಿಸುವ, ರಿಪೇರಿ ಮಾಡಿಸುವ ಕೆಲಸದಲ್ಲಿದ್ದೇನೆ. ಆಲ್ದೂರು ಕಡೆ ಒಂದು ಹಳೇ ಮಣ್ಣುಗೋಡೆಯ ಮನೆಯ ಮಹಡಿಗೆ ಟಬ್ ಕೂರಿಸಿದ್ದು ಹೀಗೆ.

ಮೊದಲು ಲೆಕ್ಕ. ಅಕ್ರಿಲಿಕ್ ಟಬ್ ಸುಮಾರು 40 ಕೆ.ಜಿ. ಇರುತ್ತೆ. ಅದರಲ್ಲಿ 200 ಲೀಟರ್ ನೀರು ಹಿಡಿದರೆ 200 ಕೆ.ಜಿ. ಕೂರುವವರು 70. ಒಟ್ಟು 310. ಕೂತಾಗ ಒಂದಷ್ಟು ನೀರು ಓವರ್‌ಫ್ಲೋದಲ್ಲಿ ಹೋಗಬಹುದು, ಆದರೂ ನಾನು ಅದನ್ನು ಕಳೆಯುವುದಿಲ್ಲ. ಐದೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲದ ಜಾಗಕ್ಕೆ ಹಂಚಿದರೆ ಚದರ ಮೀಟರಿಗೆ 240 ಕೆ.ಜಿ. ದಾಟುತ್ತೆ. ಕಟ್ಟಡ ಎಷ್ಟು ಭಾರಕ್ಕೆ ತಯಾರಿರಬೇಕು ಅಂತ ಹೇಳುವ ಭಾರತೀಯ ಮಾನದಂಡ ಐಎಸ್ 875, ವಾಸದ ಮನೆಗೆ ಹೇಳುವುದು ಚದರ ಮೀಟರಿಗೆ ಸುಮಾರು 200 ಕೆ.ಜಿ.

ಹಾಗಂತ ಆರ್‌ಸಿಸಿ ಮನೆಯವರು ಹೆದರಬೇಕಿಲ್ಲ. ಆ 200 ಇಡೀ ಕೋಣೆ ತುಂಬ ಹಿಡಿಯುವ ಲೆಕ್ಕ. ಟಬ್ ಒಂದು ಮೂಲೆಯಲ್ಲಿರುತ್ತೆ, ಉಳಿದ ಜಾಗ ಖಾಲಿ. ಅಲ್ಲಿ ನಾನು ನೋಡುವುದು ಬೇರೆ. ಬಾತ್‌ರೂಮಿಗೆ ಸ್ಲ್ಯಾಬನ್ನು ಒಂದಡಿ ತಗ್ಗಿಸಿ ಇಟ್ಟಿಗೆ ಚೂರು, ಕಾಂಕ್ರೀಟ್ ತುಂಬಿಸಿರುತ್ತಾರೆ. ಆ ತುಂಬಿಸಿದ್ದೇ ಚದರ ಮೀಟರಿಗೆ 500 ಕೆ.ಜಿ. ಹತ್ತಿರ ಬರುತ್ತೆ. ತುಂಬಿದ ಟಬ್ಬಿನ ಎರಡರಷ್ಟು! ಅದೂ ಹಗಲು ರಾತ್ರಿ ಕೂತೇ ಇರುವ ಭಾರ. ಅದನ್ನು ಯಾರೂ ಕೇಳುವುದಿಲ್ಲ.

ಈ ಮನೆಯದು ಮರದ ಮಹಡಿ. ಗೋಡೆಯಿಂದ ಗೋಡೆಗೆ ಹನ್ನೆರಡು ಅಡಿ ಜಂತೆ, ಒಂದೂವರೆ ಅಡಿಗೊಂದು. ಮೇಲೆ ಹಲಗೆ. ಮನೆಯ ಅಜ್ಜಿ ನಕ್ಕರು. “ಕಾಫಿ ಮೂಟೆ ಹೊತ್ತ ಮಹಡಿ ಕಣಪ್ಪ ಇದು. ನಿನ್ನ ಟಬ್ಬು ಯಾವ ಲೆಕ್ಕ?” ಮಾತು ಸುಳ್ಳಲ್ಲ. 50 ಕೆ.ಜಿ.ಯ ಆರು ಮೂಟೆ ಒಟ್ಟಿದರೆ ಟಬ್ಬಿನ ತೂಕ ಆಯ್ತು. ಆದರೆ ಮೂಟೆ ಹೊತ್ತ ಕಾಲದ ಮರ ಈಗಲೂ ಹಾಗೇ ಇದೆಯಾ ಅನ್ನುವುದು ಪ್ರಶ್ನೆ.

ಅದಕ್ಕೆ ಮಹಡಿ ಹತ್ತುವ ಮೊದಲು ಕೆಳಗಿನ ಹಾಲಿನಲ್ಲಿ ಏಣಿ ಹಾಕಿದೆ. ಜಂತೆ ನಡುವೆ ಎಷ್ಟು ಗಟ್ಟಿ ಇದ್ದರೂ ಗೋಡೆಯೊಳಗೆ ಹೋಗುವ ತುದಿಯನ್ನೇ ನೋಡಬೇಕು. ನಮ್ಮ ಕಡೆ ಮಳೆ ಹೊಡೆಯುವುದು ಪಡುವಣದಿಂದ. ಆ ಗೋಡೆ ಮಳೆಗಾಲವಿಡೀ ಒದ್ದೆ. ಸ್ಕ್ರೂಡ್ರೈವರ್ ಒತ್ತಿದರೆ ಮೂಡಣ ಕಡೆಯ ತುದಿಗಳಲ್ಲಿ ಬರೀ ಗೀರು ಬಿತ್ತು. ಪಡುವಣ ಕಡೆ ಎರಡು ಜಂತೆಯಲ್ಲಿ ರಸ್ಕಿಗೆ ಚುಚ್ಚಿದ ಹಾಗೆ ಬೆರಳುದ್ದ ಒಳಗೆ ಹೋಯ್ತು, ಕಂದು ಪುಡಿ ಉದುರಿತು.

ಮೇಸ್ತ್ರಿ ಜಂತೆಯನ್ನೇ ಬದಲಿಸೋಣ ಅಂದರು. ಅಷ್ಟು ಹಳೇ ಮರ ಕೀಳುವುದು ನನಗೆ ಇಷ್ಟವಾಗಲಿಲ್ಲ. ಗೋಡೆಯಿಂದ ಒಂದು ಗೇಣು ಈಚೆಗೆ, ಎಲ್ಲ ಜಂತೆಗಳ ಅಡಿಗೆ ಒಂದು ಐಎಸ್‌ಎಂಬಿ 150 (150 ಮಿ.ಮೀ. ಎತ್ತರದ, I ಆಕಾರದ) ಕಬ್ಬಿಣದ ತೊಲೆ ಕೊಟ್ಟೆವು. ಜಾಕಿ ಕೊಟ್ಟು ನಿಧಾನ ಎತ್ತಿ, ಸಂದಿಗೆ ಉಕ್ಕಿನ ಪಟ್ಟಿ ತೂರಿಸಿದ್ದು. ಈಗ ಭಾರ ಕೊಳೆತ ತುದಿಗೆ ಹೋಗುವುದಿಲ್ಲ. ಕಬ್ಬಿಣವನ್ನು ನೇರ ಮಣ್ಣುಗೋಡೆ ಮೇಲೆ ಇಟ್ಟರೆ ಮಣ್ಣು ಕುಸಿಯುತ್ತೆ. ತೊಲೆಯ ಎರಡೂ ತುದಿಗೆ ಕಾಂಕ್ರೀಟ್ ದಿಂಡು ಹಾಕಿ, ಅದು ಗಟ್ಟಿಯಾದ ಮೇಲೆ ಕೂರಿಸಿದೆವು.

ಜಾಗದ ಬಗ್ಗೆ ಸ್ವಲ್ಪ ವಾದ ಆಯ್ತು. ಯಜಮಾನರಿಗೆ ಟಬ್ ಕೋಣೆಯ ನಡುವೆ ಬೇಕಿತ್ತು. “ಗೌಡ್ರೇ, ನಡುವೆ ಇಟ್ಟರೆ ಜಂತೆ ಅತಿ ಜಾಸ್ತಿ ಬಗ್ಗೋದು ಅಲ್ಲೇ” ಅಂದೆ. ಪಡುವಣ ಗೋಡೆ ಪಕ್ಕ, ಹೊಸ ತೊಲೆಯ ಹತ್ತಿರ ಇಡೋಣ ಅಂತ ಹೇಳಿದೆ. ಕಿಟಕಿಯೂ ಪಡುವಣಕ್ಕೇ ಇದ್ದದ್ದು ಒಳ್ಳೇದಾಯ್ತು, ಒಪ್ಪಿದರು. ಟಬ್ಬಿನ ಉದ್ದ ಗೋಡೆಗುಂಟ, ಜಂತೆಗಳಿಗೆ ಅಡ್ಡ. ಹಾಗಾಗಿ ನಾಲ್ಕು ಜಂತೆ ಭಾರ ಹಂಚಿಕೊಳ್ಳುತ್ತವೆ. ಟಬ್ಬಿನ ಒಂದೊಂದು ಕಾಲಿಗೂ 80 ಕೆ.ಜಿ. ಹತ್ತಿರ ಬೀಳುತ್ತೆ. ಅದು ಒಂದೇ ಹಲಗೆಗೆ ಬೀಳದಿರಲಿ ಅಂತ ಕಾಲಿನಡಿ ಎರಡು ದಪ್ಪ ಪಟ್ಟಿಗಳನ್ನು ಉದ್ದಕ್ಕೆ ಹಾಸಿದೆವು.

ಆಮೇಲೆ ಟಬ್ ತುಂಬಿಸಿ ಒಂದು ರಾತ್ರಿ ಬಿಟ್ಟೆವು. ಕೆಳಗೆ ಹಾಲಿನಲ್ಲಿ ಒಂದು ರೀಪರ್ (ಸಣ್ಣ ಮರದ ಪಟ್ಟಿ) ನೆಟ್ಟಗೆ ನಿಲ್ಲಿಸಿ, ಅದರ ತುದಿಗೂ ಜಂತೆಗೂ ನಡುವೆ 10 ಮಿ.ಮೀ. ಸಂದಿ ಬಿಟ್ಟಿದ್ದೆ. ಹನ್ನೆರಡು ಅಡಿಗೆ ಅಷ್ಟು ಬಗ್ಗಿದರೆ ಅದೇ ಕೊನೆ ಮಿತಿ. ಬೆಳಿಗ್ಗೆ ನೋಡಿದರೆ ಸಂದಿ ಕಡಿಮೆಯಾದದ್ದು ಕಣ್ಣಿಗೆ ಸರಿಯಾಗಿ ಕಾಣಲೂ ಇಲ್ಲ.

ಮರದ ಮಹಡಿಯಲ್ಲಿ ನನಗೆ ಭಾರಕ್ಕಿಂತ ಸೋರಿಕೆಯದೇ ಚಿಂತೆ. ಡ್ರೈನ್ ಜಾಯಿಂಟ್ ಹತ್ತಿರ ಕೈ ತೂರುವಷ್ಟು ಮುಚ್ಚಳ ಬಿಟ್ಟಿದ್ದೇವೆ. ಮಳೆಗಾಲ ಮುಗಿದ ಮೇಲೆ ಅದನ್ನು ತೆಗೆದು, ಕೆಳಗಿನ ಹಲಗೆ ಮುಟ್ಟಿ ನೋಡಿ ಅಂತ ಮನೆಯವರಿಗೆ ಹೇಳಿದ್ದೇನೆ.