ಹೀಟರ್ ಕೋರ್‌ಗೆ ಹಿತ್ತಾಳೆ ಬಾರ್ಬ್ ಬೆಸೆದ ಕಥೆ

ಕಾರಿನ ಒಳಗನ್ನು ಬಿಸಿಮಾಡುವ ಪುಟ್ಟ ರೇಡಿಯೇಟರೇ ಹೀಟರ್ ಕೋರ್. ಅದನ್ನು ಕಂಪ್ಯೂಟರನ್ನು ನೀರಿನಿಂದ ತಂಪಾಗಿಸಲು ಬಳಸಬೇಕೆಂದರೆ ಹೋಸ್ ಸಿಕ್ಕಿಸುವ ಮೂತಿಯನ್ನು, ಅಂದರೆ ಬಾರ್ಬನ್ನು, ಅದಕ್ಕೆ ಕೂಡಿಸಬೇಕು. ಹೇಗೆ ಅಂತ ಕೇಳಿದರೆ "ಎಪಾಕ್ಸಿ ಅಂಟು ಮೆತ್ತಿ ಮುಗಿಸು, ಬೆಸುಗೆಗೆ ಹೋದರೆ ಕೋರೇ ಬಿಚ್ಚಿಕೊಳ್ಳುತ್ತೆ" ಅಂದವರೇ ಹೆಚ್ಚು. ನನ್ನ ಕಂಪ್ಯೂಟರ್‌ನಲ್ಲಿ ಆ ಬೆಸುಗೆ ಒಂದು ವರ್ಷ ದಾಟಿದೆ, ಇವತ್ತಿಗೂ ಒಂದು ಹನಿ ಸೋರಿಲ್ಲ.

ಅವರ ಭಯ ಸುಳ್ಳಲ್ಲ. ಹಿತ್ತಾಳೆ-ತಾಮ್ರದ ಕೋರ್‌ನ ಟ್ಯಾಂಕನ್ನು (ತುದಿಯ ನೀರಿನ ಡಬ್ಬಿಯನ್ನು) ಕೂಡಿಸಿರುವುದೂ ಸೋಲ್ಡರಿನಿಂದಲೇ, ಅಂದರೆ ಬೆಸುಗೆ ಲೋಹದಿಂದಲೇ. ನಾನು ಬಳಸುವ 60/40 ತವರ-ಸೀಸದ ಸೋಲ್ಡರ್ ಕರಗಲು ಶುರುವಾಗುವುದು 183 ಡಿಗ್ರಿಯಲ್ಲಿ. ಮೊದಲ ಕೋರ್‌ನಲ್ಲಿ ಬೆಸುಗೆ ಟಾರ್ಚಿನ ಜ್ವಾಲೆ ಹೆಚ್ಚು ಹೊತ್ತು ಹಿಡಿದೆ, ಪಕ್ಕದ ಟ್ಯಾಂಕಿನ ಹೊಲಿಗೆ (ಬೆಸೆದ ಅಂಚು) ಬಾಯಿಬಿಟ್ಟಿತು. ಎರಡನೆಯದಕ್ಕೆ ಎಲ್ಲರ ಮಾತು ಕೇಳಿ ಎಪಾಕ್ಸಿ ಹಾಕಿದೆ. ಮೂರು ವಾರ ನಿಂತಿತು. ಬಿಸಿ-ತಣ್ಣಗಾಗಿ, ಹೋಸ್ ಎಳೆದು ಎಳೆದು ಅಂಚಿನಲ್ಲಿ ಬಿರುಕು ಬಂತು, ನೀರು ಗ್ರಾಫಿಕ್ಸ್ ಕಾರ್ಡ್ ಮೇಲೆ ಇಳಿಯಿತು. ಎಲ್ಲ ಕೋರ್, ಬಾರ್ಬ್, ಹೋಸ್ ಸೇರಿಸಿದರೂ ಆ ಕಾರ್ಡಿನ ಬೆಲೆಯ ಕಾಲು ಭಾಗದಷ್ಟು ಖರ್ಚಾಗಿರಲಿಲ್ಲ. ಮೂರನೆಯದು ಕಪ್ಪು ಬಣ್ಣದ ಕೆಳಗೆ ಅಲ್ಯೂಮಿನಿಯಂ! ಸೋಲ್ಡರ್ ಮಣಿಯಾಗಿ ಉರುಳಿಹೋಯಿತು. ಈಗ ಅರದಿಂದ ಗೀರಿ ನೋಡದೆ ಕೊಳ್ಳುವುದಿಲ್ಲ.

ನಾಲ್ಕನೆಯದರಲ್ಲಿ ಕೈ ಕುದುರಿತು. ಕೊಳವೆಯನ್ನು ಒಂದೂವರೆ ಸೆಂ.ಮೀ. ಬಿಟ್ಟು ಕತ್ತರಿಸಿದೆ. ಅರ್ಧ ಇಂಚಿನ ಬಾರ್ಬಿನ ಬಾಲವನ್ನು ಅದರೊಳಗೆ ಕಾಗದದಷ್ಟೇ ಸಂದು ಉಳಿಯುವಂತೆ ಕಡೆಸಿದೆ. ಎರಡಕ್ಕೂ ಬೇರೆಬೇರೆಯಾಗಿ ಮೊದಲೇ ಸೋಲ್ಡರ್ ಲೇಪಿಸಿದೆ. ಟ್ಯಾಂಕಿನ ಹೊಲಿಗೆಗೆ ಒದ್ದೆ ಬಟ್ಟೆ ಸುತ್ತಿದೆ. ಜ್ವಾಲೆ ತಗುಲಬೇಕಾದದ್ದು ಬಾರ್ಬಿಗೆ, ತೆಳು ಕೊಳವೆಗಲ್ಲ. ಸೋಲ್ಡರ್ ತಂತಿ ಮುಟ್ಟಿಸುವುದು ಜ್ವಾಲೆಯ ಎದುರು ಬದಿಗೆ. ಸೋಲ್ಡರ್ ತಾನಾಗಿ ಒಳಗೆ ಎಳೆದುಕೊಂಡ ಕ್ಷಣ ಜ್ವಾಲೆ ತೆಗೆದೆ. ಒಟ್ಟು ಇಪ್ಪತ್ತು ಸೆಕೆಂಡ್ ಆಗಿರಬಹುದು. ಆ ಹೊತ್ತಿನಲ್ಲಿ ಬಾರ್ಬ್ ವಾಲದಂತೆ ಹಿಡಿಯಲು ನಾನು ಮಾಡಿಕೊಂಡ ಉಪಾಯವೊಂದಿದೆ. ಮೂರು ಕೋರ್ ಕಳೆದುಕೊಂಡು ಕಲಿತದ್ದು, ಸದ್ಯಕ್ಕೆ ನನ್ನಲ್ಲೇ ಇರಲಿ.

ಸೋಲ್ಡರ್ ಹಿಡಿಯಲೆಂದು ಹಚ್ಚುವ ಆಸಿಡ್ ಫ್ಲಕ್ಸ್ ಬಳಸಿದರೆ ಒಳಗೂ ಅಡುಗೆ ಸೋಡಾ ಹಾಕಿದ ಬಿಸಿನೀರಲ್ಲಿ ತೊಳೆಯಿರಿ, ಕೊನೆಗೆ ಡಿಸ್ಟಿಲ್ಡ್ ವಾಟರ್. ಒಮ್ಮೆ ಸೋಮಾರಿತನ ಮಾಡಿ ಹಸಿರು ಕೆಸರು ಕಂಡಿದ್ದೇನೆ.

ಪರೀಕ್ಷೆಗೆ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪ್ ಸಿಕ್ಕಿಸಿ, ಬಕೆಟ್ ನೀರಲ್ಲಿ ಮುಳುಗಿಸಿದೆ. ನನ್ನ ನೀರಿನ ಪಂಪ್ ಎತ್ತುವುದೇ ಮೂರ್ನಾಲ್ಕು ಮೀಟರ್, ಅಂದರೆ ಒತ್ತಡ 0.4 ಬಾರ್ ಒಳಗೆ. ನಾನು ಒಂದು ಬಾರ್ ಕೊಟ್ಟೆ. ಎಡಗಡೆ ಸಾಸಿವೆಯಷ್ಟು ಗುಳ್ಳೆ ಎದ್ದಿತು. ಒರೆಸಿ, ಫ್ಲಕ್ಸ್ ಹಚ್ಚಿ ಮತ್ತೆ ಕಾಯಿಸಿದೆ. ಆಮೇಲೆ ರಾತ್ರಿಯಿಡೀ ಮುಳುಗಿದ್ದರೂ ಗುಳ್ಳೆಯಿಲ್ಲ.

ಫ್ಯಾನ್ ಮತ್ತು ಕೋರ್ ನಡುವೆ ಎರಡೂ ಬದಿ ತೆರೆದ ನಾಲ್ಕು ಸೆಂ.ಮೀ. ರಟ್ಟಿನ ಪೆಟ್ಟಿಗೆಯನ್ನೂ ಇಟ್ಟು ನೋಡಿದೆ. ಫ್ಯಾನಿನ ನಡುಗುಂಬದ ಹಿಂದೆ ಗಾಳಿ ಆಡದ ಜಾಗ ತಪ್ಪಿ, ತಾಪ ಸುಮಾರು ಎರಡು ಡಿಗ್ರಿ ಇಳಿಯಿತು. ಈಗ ಅದನ್ನೇ ತಗಡಿನಲ್ಲಿ ಮಾಡಿಕೊಂಡಿದ್ದೇನೆ.

ಈ ಕೋರ್ ಒಂದರದ್ದೇ ಲೆಕ್ಕ ಹಿಡಿದರೆ ಸಿದ್ಧ ರೇಡಿಯೇಟರಿನ ಮೂರನೇ ಒಂದು ಭಾಗದಲ್ಲಿ ಮುಗಿಯಿತು. ಹಾಳಾದವನ್ನೂ ಸೇರಿಸಿದರೆ ಹೆಚ್ಚುಕಡಿಮೆ ಸಮ. ಎರಡು ಫ್ಯಾನ್ ಹಿಡಿಸುವ ದೊಡ್ಡ ಕೋರೊಂದು ಈಗಾಗಲೇ ಮೇಜಿನ ಮೇಲಿದೆ, ಗೀರಿ ನೋಡಿದ್ದೇನೆ, ಹಿತ್ತಾಳೆಯೇ.