ಬ್ಯಾಟರಿ ಬದಲಿಸುವ ಮೊದಲು ಅರ್ಥ್ ತಂತಿಯನ್ನು ಪರೀಕ್ಷಿಸಿ
ಸೆಕೆಂಡ್ ಹ್ಯಾಂಡ್ ಕಾರಿನ ಸ್ಟಾರ್ಟರ್ ಮೋಟರ್ ನಿಧಾನವಾಗಿ ತಿರುಗುತ್ತಿದ್ದರೆ ಅಥವಾ ಬರೀ ‘ಟಕ್’ ಎಂದು ನಿಂತುಬಿಡುತ್ತಿದ್ದರೆ, ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಹಾಕಿ, 20 ವೋಲ್ಟ್ ಡಿಸಿಗೆ ಹೊಂದಿಸಿದ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹಕ್ಕೂ ಒತ್ತಿ ಹಿಡಿದು, ಮತ್ತೊಬ್ಬರಿಂದ ಕೀ ತಿರುಗಿಸಿ. ಕಡ್ಡಿ ತಾಗಬೇಕಾದದ್ದು ಸೀಸದ ಕಂಬಕ್ಕೇ ಹೊರತು ಅದರ ಮೇಲಿನ ಕ್ಲಾಂಪಿಗಲ್ಲ. ಎಷ್ಟೋ ಬಾರಿ ದೋಷವಿರುವುದು ಇವೆರಡರ ನಡುವಿನ ತುಕ್ಕಿನಲ್ಲೇ. ಕೀ ತಿರುಗಿಸಿದ ಕ್ಷಣದಲ್ಲಿ ಮೀಟರು 0.5 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ತಂತಿಯೋ (ಬ್ಯಾಟರಿಯ ನೆಗೆಟಿವ್ ಕಂಬವನ್ನು ಎಂಜಿನ್ನಿಗೂ ಬಾಡಿಗೂ ಜೋಡಿಸುವ ದಪ್ಪ ತಂತಿ) ಅದರ ಬೋಲ್ಟೋ ಕೆಟ್ಟಿದೆ ಎಂದರ್ಥ. ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ ಬಿಗಿಮಾಡಿದರೆ ಹೊಸ ಬ್ಯಾಟರಿಯ ಖರ್ಚು ಬಹುಶಃ ಉಳಿದೀತು. ಸ್ಟಾರ್ಟರ್ ನೂರಕ್ಕೂ ಹೆಚ್ಚು ಆಂಪಿಯರ್ ವಿದ್ಯುತ್ತನ್ನು ಎಳೆಯುವುದರಿಂದ, ಕೇವಲ 0.01 ಓಮ್ ಪ್ರತಿರೋಧವೂ ಒಂದು ವೋಲ್ಟಿಗಿಂತ ಹೆಚ್ಚನ್ನು ನುಂಗಿಬಿಡುತ್ತದೆ. ಸಾಮಾನ್ಯ ಮಲ್ಟಿಮೀಟರಿನ ಓಮ್ ಅಳತೆಯಲ್ಲಿ ಇಷ್ಟು ಸಣ್ಣ ಪ್ರತಿರೋಧ ಕಾಣುವುದೇ ಇಲ್ಲ. ಇದೇ ಪರೀಕ್ಷೆಯನ್ನು ಪಾಸಿಟಿವ್ ಕಂಬ ಮತ್ತು ಸ್ಟಾರ್ಟರಿನ ದಪ್ಪ ತಂತಿಯ ತುದಿಯ ನಡುವೆಯೂ ಮಾಡಬಹುದು, ಆದರೆ ಹಲವು ಕಾರುಗಳಲ್ಲಿ ಅಲ್ಲಿಗೆ ಕೈ ಹೋಗುವುದೇ ಕಷ್ಟ. ಸ್ಟಾರ್ಟರಿಗೆ ವಿದ್ಯುತ್ ಹರಿಯದಿದ್ದರೆ ಈ ಪರೀಕ್ಷೆ ಉಪಯೋಗಕ್ಕೆ ಬಾರದು: ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್), ಕ್ಲಚ್ ಸ್ವಿಚ್ ಅಥವಾ ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ಎಲೆಕ್ಟ್ರಾನಿಕ್ ಬೀಗ) ತಡೆದಿದ್ದಾಗ ಮೀಟರು ಸೊನ್ನೆಯನ್ನೇ ತೋರಿಸುತ್ತದೆ, ತಂತಿ ಚೆನ್ನಾಗಿದೆ ಎಂಬ ತಪ್ಪು ಭಾವನೆ ಬರುತ್ತದೆ. ಬ್ಯಾಟರಿಯೇ ಸೊರಗಿದ್ದರೂ ಅಳತೆಯನ್ನು ನಂಬುವಂತಿಲ್ಲವಾದ್ದರಿಂದ, ಎಂಜಿನ್ ಆಫ್ ಆಗಿರುವಾಗ ಬ್ಯಾಟರಿಯಲ್ಲಿ ಸುಮಾರು 12.4 ವೋಲ್ಟ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಎಂಜಿನ್ ಹಠಾತ್ತನೆ ಚಾಲೂ ಆದೀತು, ಮೀಟರಿನ ತಂತಿಗಳನ್ನು ಫ್ಯಾನ್ ಮತ್ತು ಬೆಲ್ಟಿನಿಂದ ದೂರವಿಡಿ.