ಉಲ್ಕಾವೃಷ್ಟಿ ಉಕ್ಕೇರುವ ಹೊತ್ತನ್ನು ತಿಳಿಯುವುದು, ದಾಖಲಿಸುವುದು ಹೇಗೆ?

ನವೆಂಬರ್ ನಡುವಿನಲ್ಲಿ ಕಾಣುವ ಲಿಯೊನಿಡ್ಸ್ ಉಲ್ಕಾವೃಷ್ಟಿಯಲ್ಲಿ ಸಾಮಾನ್ಯ ವರ್ಷಗಳಲ್ಲಿ ಗಂಟೆಗೆ ಹತ್ತು-ಹದಿನೈದು ಉಲ್ಕೆಗಳು ಕಂಡರೆ ಹೆಚ್ಚು. ಅದೇ ವೃಷ್ಟಿ 1833 ಮತ್ತು 1966ರಲ್ಲಿ ಗಂಟೆಗೆ ಸಾವಿರಾರು ಉಲ್ಕೆಗಳನ್ನು ಸುರಿಸಿತು. ಇದರ ಮೂಲವಾದ ಟೆಂಪಲ್–ಟಟಲ್ ಧೂಮಕೇತು ಸುಮಾರು 33 ವರ್ಷಕ್ಕೊಮ್ಮೆ ಸೂರ್ಯನ ಬಳಿಗೆ ಬರುತ್ತದೆ. ಹಾಗೆ ಬಂದಾಗಲೆಲ್ಲ ಒಂದೊಂದು ಧೂಳಿನ ಎಳೆಯನ್ನು ಬಿಟ್ಟುಹೋಗುತ್ತದೆ. ಭೂಮಿ ಅಂಥ ಎಳೆಯೊಂದನ್ನು ಹಾದುಹೋದಾಗ ವೃಷ್ಟಿ ಉಕ್ಕೇರುತ್ತದೆ.

ಮುನ್ಸೂಚನೆಯ ಮೊದಲ ಹೆಜ್ಜೆ, ಈ ಎಳೆಗಳನ್ನು ಬೇರೆಬೇರೆಯಾಗಿ ಲೆಕ್ಕ ಹಾಕುವುದು. ಸೂರ್ಯನ ಬೆಳಕಿನ ಒತ್ತಡ ಸಣ್ಣ ಕಣಗಳ ಕಕ್ಷೆಯನ್ನು ಹಿಗ್ಗಿಸುವುದರಿಂದ ಅವು ಧೂಮಕೇತುವಿಗಿಂತ ಹಿಂದೆ ಬೀಳುತ್ತವೆ, ಗುರು ಮತ್ತು ಶನಿಯ ಸೆಳೆತ ಎಳೆಯನ್ನೇ ಪಕ್ಕಕ್ಕೆ ಸರಿಸುತ್ತದೆ. ಈ ಸೆಳೆತವನ್ನು ಬಿಟ್ಟು 33 ವರ್ಷಗಳ ಲೆಕ್ಕವನ್ನಷ್ಟೇ ನಂಬಿದವರು 1899ರಲ್ಲಿ ಇಡೀ ರಾತ್ರಿ ಕಾದು ನಿರಾಶರಾದರು. ಆದರೆ ಆ ವರ್ಷ ಧೂಮಕೇತು ಬಿಟ್ಟ ಎಳೆಯನ್ನೇ ಕಣಕಣವಾಗಿ ಹಿಂಬಾಲಿಸಿ ಲೆಕ್ಕ ಹಾಕಿದ ಖಗೋಳ ವಿಜ್ಞಾನಿಗಳಾದ ಡೇವಿಡ್ ಆಷರ್ ಮತ್ತು ರಾಬರ್ಟ್ ಮೆಕ್‌ನಾಟ್ 1999ರ ಉತ್ತುಂಗದ ಹೊತ್ತನ್ನು ಮೊದಲೇ ತಿಳಿಸಿದರು. ಅದು ಕೆಲವೇ ನಿಮಿಷಗಳ ವ್ಯತ್ಯಾಸದಲ್ಲಿ ನಿಜವಾಯಿತು. ಖಗೋಳದ ಲೆಕ್ಕಾಚಾರಗಳಲ್ಲಿ ಇದಕ್ಕಿಂತ ಮನಸ್ಸಿಗೆ ಹಿಡಿಸುವುದು ನನಗೆ ಬೇರೊಂದಿಲ್ಲ.

ಹೊತ್ತು ಹೇಳುವಷ್ಟು ಖಚಿತವಾಗಿ ಉಲ್ಕೆಗಳ ಸಂಖ್ಯೆಯನ್ನು ಹೇಳಲಾಗದು. 1995ರಲ್ಲಿ ಒಡೆದ ಶ್ವಾಸ್‌ಮನ್–ವಾಕ್‌ಮನ್ 3 ಧೂಮಕೇತುವಿನ ಧೂಳು 2022ರ ಮೇ 31ರಂದು ಭೂಮಿಯನ್ನು ತಲುಪುವುದೇ ಎಂಬುದು, ಕಣಗಳು ಎಷ್ಟು ವೇಗದಲ್ಲಿ ಚಿಮ್ಮಿದ್ದವು ಎಂಬುದನ್ನು ಅವಲಂಬಿಸಿತ್ತು. ಅವು ತಲುಪಿದವೆಂದು ತಿಳಿಸಿದ್ದು ಅಂದಿನ ವೀಕ್ಷಣೆಗಳೇ.

ಇನ್ನು ವೀಕ್ಷಣೆಗೆ ಬರೋಣ. ಚಂದ್ರನ ಬೆಳಕಿಲ್ಲದ ಕತ್ತಲ ಜಾಗದಲ್ಲಿ ಅರ್ಧ ಗಂಟೆ ಮೊದಲೇ ಮಲಗಿ ಕಣ್ಣನ್ನು ಹೊಂದಿಸಿಕೊಳ್ಳಿ. ಮಂದ ಕೆಂಪು ಟಾರ್ಚ್ ಸಾಕು. ಮೊಬೈಲ್ ಪರದೆಯನ್ನು ಒಮ್ಮೆ ನೋಡಿದರೂ ಆ ಹೊಂದಾಣಿಕೆ ಕೆಡುತ್ತದೆ. ಉಲ್ಕೆಗಳು ಹೊರಟಂತೆ ತೋರುವ ಬಿಂದುವಿನಿಂದ ಸುಮಾರು 40 ಡಿಗ್ರಿ ಆಚೆಗೆ ದೃಷ್ಟಿ ಇಡಿ. ಉಲ್ಕೆ ಕಂಡ ಕೂಡಲೇ ಆಕಾಶದಿಂದ ಕಣ್ಣು ತೆಗೆಯದೆ ಅದರ ಹೊಳಪು ಮತ್ತು ವೃಷ್ಟಿಯ ಹೆಸರನ್ನು ಧ್ವನಿಮುದ್ರಣ ಯಂತ್ರಕ್ಕೆ ಹೇಳಿ. ಉಲ್ಕೆಯ ಹಾದಿಯನ್ನು ಹಿಂದಕ್ಕೆ ಎಳೆದರೆ ಅದು ಆ ಬಿಂದುವಿಗೆ ತಲುಪದಿದ್ದಲ್ಲಿ ಅದು ಬೇರೆ ಉಲ್ಕೆ. ಅದನ್ನು ಪ್ರತ್ಯೇಕವಾಗಿ ಎಣಿಸಬೇಕು.

ಕೊನೆಯದು ತಿದ್ದುಪಡಿ. ಒಂದು ಗಂಟೆಯಲ್ಲಿ 30 ಲಿಯೊನಿಡ್ಸ್ ಕಂಡವು, ಬಿಂದು ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿತ್ತು, ಕಣ್ಣಿಗೆ ನಿಲುಕಿದ ಅತ್ಯಂತ ಮಂದ ನಕ್ಷತ್ರದ ಕಾಂತಿಮಾನ (ನಕ್ಷತ್ರ ಮಂದವಾದಷ್ಟೂ ಹೆಚ್ಚುವ ಹೊಳಪಿನ ಅಳತೆ) 5.5 ಎಂದಿಟ್ಟುಕೊಳ್ಳಿ. 30 ಡಿಗ್ರಿಯ ಸೈನ್ ಬೆಲೆ 0.5. ಕಂಡ 30ನ್ನು ಅದರಿಂದ ಭಾಗಿಸಿದರೆ 60 ಆಯಿತು. ಆದರ್ಶ ಆಕಾಶದ 6.5ಕ್ಕಿಂತ ಒಂದು ಮಾನ ಕಡಿಮೆ ಇದ್ದುದರಿಂದ ಸುಮಾರು 2.5ರಿಂದ ಗುಣಿಸಿದರೆ 150. ಆ ಬಿಂದು ನೆತ್ತಿಯ ಮೇಲಿದ್ದು ಆಕಾಶ ಆದರ್ಶವಾಗಿದ್ದರೆ ಗಂಟೆಗೆ ಕಾಣುತ್ತಿದ್ದ ಈ ಸಂಖ್ಯೆಯನ್ನೇ ಖಮಧ್ಯ ಗಂಟೆಯ ದರ ಎನ್ನುತ್ತಾರೆ.

ಭೂಮಿ ಸೆಕೆಂಡಿಗೆ 30 ಕಿ.ಮೀ. ಓಡುವುದರಿಂದ ಒಂದೂವರೆ ಲಕ್ಷ ಕಿ.ಮೀ. ಅಗಲದ ಎಳೆಯನ್ನು ಒಂದೂವರೆ ಗಂಟೆಯೊಳಗೇ ದಾಟಿಬಿಡುತ್ತದೆ. ಆದ್ದರಿಂದ ವೃಷ್ಟಿ ಉಕ್ಕೇರುವ ರಾತ್ರಿ ಗಂಟೆಯ ಲೆಕ್ಕ ಸಾಲದು, ಐದು ನಿಮಿಷಗಳ ಲೆಕ್ಕ ಬೇಕು. ಏನೂ ಕಾಣದ ಐದು ನಿಮಿಷಕ್ಕೂ ಸೊನ್ನೆ ಎಂದು ಬರೆದಿಡಿ.